ಎಸ್ಕಿಲ್ ಸುಂಕ ಕಟ್ಟಿದ ಪ್ರಸಂಗ

ನಮ್ಮ ಕ್ರೋಕ್ವಿಕ್ ಬಂದರಿನಲ್ಲಿ ಮರ್ಯಾದಸ್ಥರೆಲ್ಲ ಕಳ್ಳಸಾಗಣೆಯವರೇ. ಬೇರೆ ಕಸುಬಿನವರೂ ಇದ್ದರು. ಒಬ್ಬ ಪಾದ್ರಿ, ಇಬ್ಬರು ಮೀನುಗಾರರು, ಕಿವಿ ಕೇಳದ ಒಬ್ಬ ಗಡಿಯಾರ ರಿಪೇರಿಯವನು. ಅವರನ್ನು ಕಂಡರೆ ನಮ್ಮವರಿಗೆ ಕನಿಕರವೇ ಹೊರತು ದ್ವೇಷವಿರಲಿಲ್ಲ. ಪಾಪ, ಅವರವರ ಹಣೆಬರಹ ಎಂದು ಸುಮ್ಮನಾಗುತ್ತಿದ್ದರು.

ಸಾಗಿಸುತ್ತಿದ್ದ ಸರಕು ಗಾಳಿ. ಕಣಿವೆಯಾಚೆಯ ಬೆಟ್ಟದಲ್ಲಿ ಮುದುಕಿಯರು ಹಗ್ಗಕ್ಕೆ ಗಾಳಿ ಕಟ್ಟುತ್ತಾರೆ. ಒಂದು ಹಗ್ಗಕ್ಕೆ ಮೂರು ಗಂಟು. ಮೊದಲನೆಯದನ್ನು ಬಿಚ್ಚಿದರೆ ಹಾಯಿ ತುಂಬುವಷ್ಟು ಗಾಳಿ, ಎರಡನೆಯದಕ್ಕೆ ಹಡಗು ಓಡುವಷ್ಟು, ಮೂರನೆಯದಕ್ಕೆ ಕಪ್ತಾನ ದೇವರನ್ನು ನೆನೆಯುವಷ್ಟು. ಗಾಳಿಹಗ್ಗವಿಲ್ಲದೆ ನಮ್ಮ ಬಂದರಿನಿಂದ ಒಂದು ದೋಣಿಯೂ ಹೊರಡದು. ಹಗ್ಗವೊಂದಕ್ಕೆ ಮೂರು ಸ್ಕಿಲಿಂಗ್ ಸುಂಕವೆಂದು ಹಿಂದೆಂದೋ ಒಬ್ಬ ಅರಸ ಆಜ್ಞೆ ಮಾಡಿ, ಕಣಿವೆಯ ಸೇತುವೆಯ ಮೇಲೆ ಗ್ರೂಮ್ ಎಂಬ ಬೆಟ್ಟದ ರಕ್ಕಸನನ್ನು ಕಾವಲಿಗಿಟ್ಟ. ಆಮೇಲೆ ಅರಸ ಸತ್ತ. ಅದನ್ನು ಗ್ರೂಮ್‌ಗೆ ತಿಳಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಬೆಟ್ಟದ ರಕ್ಕಸರು ಬಿಸಿಲು ಬಿದ್ದರೆ ಕಲ್ಲಾಗುತ್ತಾರೆ, ಮೋಡ ಕವಿದರೆ ಏಳುತ್ತಾರೆ. ಹಾಗಾಗಿ ನಮ್ಮ ಕಸುಬೆಲ್ಲ ಸುಡುಬಿಸಿಲಿನಲ್ಲಿ, ನಟ್ಟನಡು ಮಧ್ಯಾಹ್ನ. ಹೋಗುವಾಗ ಬರುವಾಗ ಕಲ್ಲಾಗಿ ನಿಂತ ಗ್ರೂಮ್‌ಗೆ ಒಂದು ನಮಸ್ಕಾರ ಹೇಳಿ, ಅವನ ಕಾಲಿಗೆ ಬೂಟಿನ ಕೆಸರು ಒರೆಸಿ ದಾಟುವುದು ವಾಡಿಕೆ. ಮೋಡವಿದ್ದ ದಿನ ರಜೆ. ಮದುವೆ, ನಾಮಕರಣ, ಜಗಳ ಎಲ್ಲವನ್ನೂ ಆ ದಿನಗಳಿಗೇ ಇಟ್ಟುಕೊಳ್ಳುತ್ತಿದ್ದರು.

ಎಸ್ಕಿಲ್ ಇಪ್ಪತ್ತೈದು ವರ್ಷ ಈ ಕಸುಬು ಮಾಡಿದವನು. ಜಾಣನೆಂದು ಅವನನ್ನು ಯಾರೂ ಕರೆದಿರಲಿಲ್ಲ, ಆದರೆ ಹೊರಡುವ ಮುನ್ನ ಆಕಾಶ ನೋಡುವುದನ್ನು ಅವನು ಒಂದು ದಿನವೂ ಮರೆತಿರಲಿಲ್ಲ. ಅಂಥವನ ಮಗಳು ತೂರಾಳನ್ನು ಕಳ್ಳಸಾಗಣೆ ಸಂಘದ ಅಧ್ಯಕ್ಷ ಅಸ್ಮುಂದ್ ತನ್ನ ಮಗನಿಗೆ ತಂದುಕೊಳ್ಳಲು ಒಪ್ಪಿದ. ಎಸ್ಕಿಲ್‌ಗೆ ನೆಲ ಕಾಣದಾಯಿತು. ಮರುದಿನವೇ ಹೋಗಿ ಒಂದು ಟೋಪಿ ಕೊಂಡು ತಂದ. ಅದರ ಅಂಚು ಎಷ್ಟು ಅಗಲವಿತ್ತೆಂದರೆ ಬಾಗಿಲಲ್ಲಿ ಅವನು ಅಡ್ಡಡ್ಡವಾಗಿ ನುಗ್ಗಬೇಕಾಯಿತು.

ಹೆಂಡತಿ ಬೋದಿಲ್ ಸೌಟು ಹಿಡಿದೇ ಹೊರಗೆ ಬಂದಳು. "ಇದೇನ್ರೀ ತಲೆ ಮೇಲೆ? ಹಂಡೆ ಮುಚ್ಚಳ ಇದ್ದಂಗಿದೆ."

"ಅಧ್ಯಕ್ಷರ ಬೀಗ ಆಗೋನು ಕಣೇ ನಾನು. ಹಳೇ ಟೋಪೀಲಿ ಸೇತುವೆ ದಾಟಿದ್ರೆ ನೋಡಿದವರು ಏನಂದ್ಕೋತಾರೆ?"

"ಸೇತುವೆ ದಾಟೋದನ್ನ ಯಾರೂ ನೋಡಬಾರ್ದು ಅನ್ನೋದೇ ಅಲ್ವೇನ್ರೀ ನಮ್ಮ ಕಸುಬು?"

ಮಾತಿನಲ್ಲಿ ಸೋತ ಗಂಡಸರು ಮಾಡುವಂತೆ ಎಸ್ಕಿಲ್ ತಳ್ಳುಗಾಡಿ ತಳ್ಳಿಕೊಂಡು ಬಿರಬಿರನೆ ನಡೆದುಬಿಟ್ಟ. ಬಾಗಿಲಲ್ಲಿ ನಿಂತು ವಾಡಿಕೆಯಂತೆ ಕತ್ತೆತ್ತಿದ್ದೇನೋ ನಿಜ. ಆದರೆ ಕಂಡದ್ದು ಟೋಪಿಯ ಅಂಚು. ಅಂಚಿನ ಒಳಬಟ್ಟೆ ಹೊಚ್ಚ ಹೊಸದು, ನೀಲಿ ಬಣ್ಣದ್ದು. ಆಕಾಶ ಚೆನ್ನಾಗಿದೆ ಎಂದುಕೊಂಡು ಹೊರಟ.

ಬೆಟ್ಟ ಹತ್ತಿ, ಮುದುಕಿಯರಿಂದ ಒಂದು ಹಗ್ಗ ಕೊಂಡು, ಅದನ್ನು ಗಾಡಿಯಲ್ಲಿ ಎಲೆಕೋಸಿನ ಕೆಳಗೆ ಬಚ್ಚಿಟ್ಟು, ಸೇತುವೆಗೆ ಮರಳಿದ. "ನಮಸ್ಕಾರ ಗ್ರೂಮಣ್ಣ" ಎಂದು ಅವನ ಕಾಲಿಗೆ ಬೂಟು ಒರೆಸಿದ. ಕಾಲು ಮೆಲ್ಲಗೆ ಹಿಂದಕ್ಕೆ ಸರಿಯಿತು.

"ನಮಸ್ಕಾರ ಸ್ವಾಮಿ" ಎಂದಿತು ಮೇಲಿನಿಂದ ಒಂದು ಗಡಸು ದನಿ. "ಗಾಡೀಲಿ ಏನಿದೆ?"

ರಕ್ಕಸ ಎದ್ದಿದ್ದರೆ ಏನು ಹೇಳಬೇಕೆಂದು ನಮ್ಮ ಊರಿನ ಮಕ್ಕಳು ಮಾತು ಕಲಿಯುವಾಗಲೇ ಕಲಿಯುತ್ತಾರೆ. 'ಬರೀ ಕೋಸು' ಎಂದು ಹೇಳಿ ಓಡಬೇಕು, ಅಷ್ಟೇ. ಎಸ್ಕಿಲ್‌ಗೂ ಗೊತ್ತಿತ್ತು. ಆದರೆ ಅಂಚನ್ನೆತ್ತಿ ನೋಡಿದಾಗ ಮೇಲೆ ದಟ್ಟ ಮೋಡ, ಮೋಡದ ಕೆಳಗೆ ಬಂಡೆಯಂಥ ಮೂಗು. ಅವನ ನಾಲಗೆ ತೊದಲಿತು.

"ಕೋಸಿನ ಕೆಳಗೆ... ಗಾಳಿ" ಅಂದುಬಿಟ್ಟ. ಅಷ್ಟಕ್ಕೇ ಸುಮ್ಮನಾಗದೆ, ಸಂತೆಯಲ್ಲಿ ಕೇಳುವ ಅಭ್ಯಾಸದಿಂದ, "ಎಷ್ಟಾಗತ್ತೆ?" ಎಂದೂ ಕೇಳಿದ.

"ಮೂರು ಸ್ಕಿಲಿಂಗ್."

ಎಸ್ಕಿಲ್‌ನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಗಿ ಐದು ಸ್ಕಿಲಿಂಗಿನ ಒಂದು ನಾಣ್ಯ ತೆಗೆದು ಕೊಟ್ಟಿತು. ಕೊಟ್ಟ ಮೇಲೆ ಅವನಿಗೆ ಪ್ರಜ್ಞೆ ಬಂತು. ಸುಂಕ ಕಟ್ಟಿದ್ದೆ. ಕ್ರೋಕ್ವಿಕ್‌ನಲ್ಲಿ ಹುಟ್ಟಿ, ನಾಲ್ಕು ಜನರ ಮುಂದೆ ತಲೆಯೆತ್ತಿ ಬಾಳಿದ ತಾನು ಸುಂಕ ಕಟ್ಟಿದ್ದೆ. ಮಗಳ ಮದುವೆಗೆ ಎಂಟು ದಿನ ಇರುವಾಗ.

"ಗ್ರೂಮಣ್ಣ, ನಿನ್ನ ದಮ್ಮಯ್ಯ, ಇದನ್ನ ಯಾರಿಗೂ ಹೇಳಬೇಡ."

"ಎಲ್ಲರೂ ಅದನ್ನೇ ಹೇಳ್ತಾರೆ ಸ್ವಾಮಿ" ಎಂದ ಗ್ರೂಮ್, ಉಳಿ ಎತ್ತಿಕೊಳ್ಳುತ್ತ. ಪಕ್ಕದಲ್ಲಿ ಚಪ್ಪಟೆ ಕಲ್ಲುಗಳ ರಾಶಿಯೇ ಇತ್ತು. ಒಂದನ್ನು ತೆಗೆದು ಸರಸರನೆ ಒಂದು ಕಿರೀಟ, ಒಂದು ಸೇತುವೆ, ಮೂರು ಗೆರೆ ಕೆತ್ತಿ ಗಾಡಿಗೆ ಎತ್ತಿಟ್ಟ. ಚಕ್ರ ಕಿರ್ರೆಂದಿತು. "ನಿಮ್ಮ ರಸೀದಿ."

"ರಸೀದಿ ಬೇಡಪ್ಪ."

"ಕೊಡಲೇಬೇಕು, ಅರಸರ ಆಜ್ಞೆ. ದಾರೀಲಿ ಎಸೆದ್ರೆ ಹುಡುಕಿ ಮನೆ ಬಾಗಿಲಿಗೆ ತಂದುಕೊಡಬೇಕು ಅಂತಾನೂ ಇದೆ. ಎರಡು ಸ್ಕಿಲಿಂಗ್ ಚಿಲ್ಲರೆ ಈಗ ಇಲ್ಲ. ಅದನ್ನೂ ತಂದುಕೊಡ್ತೀನಿ."

"ಚಿಲ್ಲರೆ ನೀನೇ ಇಟ್ಕೊ ಮಾರಾಯ."

"ಲಂಚ ಮುಟ್ಟೋದಿಲ್ಲ ಸ್ವಾಮಿ" ಎಂದ ಗ್ರೂಮ್, ಸ್ವಲ್ಪ ಬೇಸರದಿಂದ.

ಎಸ್ಕಿಲ್‌ಗೆ ಇಷ್ಟೊಂದು ಭಯ ಏಕೆಂದು ಹೇಳಬೇಕು. ನಮ್ಮಲ್ಲಿ ಮದುವೆಯ ಮುನ್ನ ಇಬ್ಬರು ಬೀಗರೂ ಸಂಘದ ಸಭಾಂಗಣದಲ್ಲಿ ನಿಂತು, ಸಂಘದ ಪೆಟ್ಟಿಗೆಯಲ್ಲಿರುವ ಗಾಳಿಹಗ್ಗವನ್ನು ಹಿಡಿದು, 'ನಮ್ಮ ಏಳು ತಲೆಮಾರಿನಲ್ಲಿ ಸುಂಕ ಕಟ್ಟಿದವರಿಲ್ಲ' ಎಂದು ಪ್ರಮಾಣ ಮಾಡಬೇಕು. ಸುಳ್ಳು ಹೇಳಿದರೆ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಂಟು ಬಿಚ್ಚಿದರೆ ಮದುವೆ ಮುರಿದಂತೆ. ಆಮೇಲೆ ಆ ಮನೆಯ ಹುಡುಗಿಗೆ ಸಿಗುವ ಗಂಡೆಂದರೆ ಕಿವಿ ಕೇಳದ ಗಡಿಯಾರ ರಿಪೇರಿಯವನೊಬ್ಬನೇ.

ಕೋಸಿನಡಿಯಲ್ಲಿ ಕಲ್ಲು ಮುಚ್ಚಿಕೊಂಡು ಎಸ್ಕಿಲ್ ಊರು ಸೇರಿದ. ಚಕ್ರ ಬೀದಿಯುದ್ದಕ್ಕೂ ಗೋಳಾಡಿತು. ಪಕ್ಕದ ಮನೆಯ ರಾಗ್ನಕ್ಕ ಬೇಲಿಯ ಬಳಿ ಬಟ್ಟೆ ಹರವುತ್ತಿದ್ದಳು. ಒಣಗಿದ ಬಟ್ಟೆಯನ್ನೇ ಮೂರು ಸಲ ಹರವುವಷ್ಟು ತಾಳ್ಮೆ ಆಕೆಗಿತ್ತು.

"ಏನ್ ಎಸ್ಕಿಲಣ್ಣ, ಮೋಡ ಇದ್ರೂ ಹೋಗಿದ್ದೆ?"

"ಕೋಸು ತರೋಕೆ."

"ಈ ಸಲದ ಕೋಸು ತೂಕ ಜಾಸ್ತಿ ಅನ್ಸುತ್ತೆ."

"ನೀರು ಜಾಸ್ತಿ ಕುಡಿದಿವೆ."

ರಾಗ್ನಕ್ಕ ಮುಗುಳ್ನಕ್ಕಳು. ಇಡೀ ಊರಿನಲ್ಲಿ ಆ ನಗುವಿಗೆ ಹೆದರದವರಿರಲಿಲ್ಲ. ಎಸ್ಕಿಲ್ ಒಳಗೆ ಹೋಗಿ ಕದ ಹಾಕಿದ. ಹೊಸ ಹಗ್ಗವನ್ನು ಮೊಳೆಗೆ ನೇತುಹಾಕಿದ. ಕಲ್ಲನ್ನು ಒಲೆಯ ಹಿಂದೆ ಇಟ್ಟರೆ ಕಾಣುತ್ತಿತ್ತು, ಮೇಜಿನಡಿ ಇಟ್ಟರೂ ಕಾಣುತ್ತಿತ್ತು. ಕೊನೆಗೆ ಅದನ್ನು ಮಂಚದ ಮೇಲೆ ಮಲಗಿಸಿ, ಎರಡು ರಜಾಯಿ ಹೊದಿಸಿ, ಅದರ ಪಕ್ಕದಲ್ಲಿ ಕುಳಿತು ತಲೆ ಮೇಲೆ ಕೈಹೊತ್ತ. ರಜಾಯಿ ಹೊದಿಸಿದ್ದನ್ನೂ ಕಾದು ಕುಳಿತದ್ದನ್ನೂ ರಾಗ್ನಕ್ಕ ಕಿಟಕಿಯಿಂದ ನೋಡಿದಳು.

ರಜಾಯಿಯಡಿ ದುಂಡಗೆ ಉಬ್ಬಿದ ವಸ್ತು. ಭಾರವಾದದ್ದು. ಬೆಚ್ಚಗಿಟ್ಟು ಕಾಯುತ್ತಿದ್ದಾನೆ. ಇನ್ನೇನಿರುತ್ತದೆ? ಸಂಜೆಯೊಳಗೆ ಎಸ್ಕಿಲ್ ಡ್ರ್ಯಾಗನ್ ಮೊಟ್ಟೆ ಸಾಗಿಸಿ ತಂದಿದ್ದಾನೆಂದು ಊರಿಗೆಲ್ಲ ಖಚಿತವಾಯಿತು. ಮರುದಿನದಿಂದ ಜನ ಒಂದೊಂದು ನೆಪ ತೆಗೆದು ಬರತೊಡಗಿದರು. ಒಬ್ಬನಿಗೆ ಸುತ್ತಿಗೆ ಬೇಕಿತ್ತು, ಇನ್ನೊಬ್ಬನಿಗೆ ಉಪ್ಪು. ಎಲ್ಲರ ಕಣ್ಣೂ ಮಂಚದ ಮೇಲೆ. ತನ್ನ ಗುಟ್ಟು ರಟ್ಟಾಗಿದೆಯೆಂದೇ ಎಸ್ಕಿಲ್ ತಿಳಿದ. ಅವನ ಮುಖ ಬಿಳಿಚಿದಷ್ಟೂ ಮೊಟ್ಟೆ ದೊಡ್ಡದಾಗುತ್ತ ಹೋಯಿತು.

ಮೂರನೇ ದಿನ ಅಸ್ಮುಂದನೇ ಬಂದ. ಭಾರಿ ಆಳು, ಮೆಲುದನಿ. ಅವನು ಮೆಲ್ಲಗೆ ಮಾತಾಡಿದಷ್ಟೂ ಎದುರಿಗಿದ್ದವರು ಬೆವರುತ್ತಿದ್ದರು. ಬಿಯರ್ ಒಂದು ಗುಟುಕು ಕುಡಿದು, ಮಂಚದ ಕಡೆ ಗದ್ದ ತಿರುಗಿಸಿದ.

"ಬೀಗರೇ, ಆ ರಜಾಯಿ ಕೆಳಗಿರೋದು ಏನು ಅಂತ ನನಗೆ ಗೊತ್ತು."

ಎಸ್ಕಿಲ್ ಗೋಡೆಗೆ ಆತುಕೊಂಡ. "ಗೊತ್ತಾಯ್ತಾ? ತಪ್ಪಾಯ್ತು ಬೀಗರೇ. ಬುದ್ಧಿ ಮಂಕಾಗಿತ್ತು. ಇವತ್ತೇ ಸುತ್ತಿಗೆ ತಗೊಂಡು ಪುಡಿ ಮಾಡಿ ಸಮುದ್ರಕ್ಕೆ ಸುರೀತೀನಿ."

ಅಸ್ಮುಂದ್‌ನ ಲೋಟ ಬಾಯಿಗೆ ಹೋಗದೆ ನಡುದಾರಿಯಲ್ಲೇ ನಿಂತಿತು. "ಪುಡಿ ಮಾಡ್ತೀರಾ? ಅದರ ಬೆಲೆ ಗೊತ್ತಾ ನಿಮಗೆ?"

"ಗೊತ್ತಿಲ್ದೆ ಏನು? ಮೂರು ಸ್ಕಿಲಿಂಗ್."

ಅಸ್ಮುಂದ್ ಲೋಟವನ್ನು ಮೇಜಿನ ಮೇಲಿಟ್ಟ. ಮೂರು ಸ್ಕಿಲಿಂಗಿಗೆ ಡ್ರ್ಯಾಗನ್ ಮೊಟ್ಟೆ ಗಿಟ್ಟಿಸಿದವನು, ಬೇಕಿದ್ದರೆ ಅದನ್ನು ಪುಡಿಮಾಡಿ ಎಸೆಯಬಲ್ಲವನು. ಇಂಥ ಗಟ್ಟಿಗನನ್ನು ಇಷ್ಟು ವರ್ಷ ಪೆದ್ದನೆಂದು ತಾನು ತಿಳಿದಿದ್ದೆನಲ್ಲ. ಗೌರವ ಹುಟ್ಟಿತು. ಗೌರವದ ಬೆನ್ನಿಗೇ ಅನುಮಾನವೂ ಹುಟ್ಟಿತು. ಇವನು ತನ್ನ ಅಧ್ಯಕ್ಷಗಿರಿಗೆ ಕಣ್ಣು ಹಾಕಿರಬಹುದು.

"ಮದುವೆ ದಿನ ಅದನ್ನ ಸಭೆಗೆ ತನ್ನಿ" ಎಂದ ಇನ್ನಷ್ಟು ಮೆಲ್ಲಗೆ. "ಎಲ್ಲರೂ ನೋಡಲಿ. ತರದೇ ಇದ್ರೆ ನೀವು ಏನೋ ಮುಚ್ಚಿಡ್ತಿದ್ದೀರಿ ಅಂತ ತಿಳ್ಕೋತೀನಿ. ಪ್ರಮಾಣವೂ ಇದೆ, ನೆನಪಿರಲಿ."

ಅವನು ಹೋದ ಮೇಲೆ ಎಸ್ಕಿಲ್ ಹೆಂಡತಿಯ ಮುಂದೆ ಕುಸಿದು ಕುಳಿತು ಎಲ್ಲವನ್ನೂ ಹೇಳಿಬಿಟ್ಟ. ಟೋಪಿ, ಮೋಡ, ಮೂರು ಸ್ಕಿಲಿಂಗ್, ಎಲ್ಲ. ಸೌಟು ಬೀಸಿ ಬರುತ್ತದೆಂದು ಕಣ್ಣು ಮುಚ್ಚಿದ. ಏನೂ ಬರಲಿಲ್ಲ. ಬೋದಿಲ್ ರಜಾಯಿ ಸರಿಸಿ ಕಲ್ಲನ್ನು ನೋಡಿದಳು.

"ಇದಕ್ಕಾ ಮೂರು ದಿನದಿಂದ ನನ್ನ ನೆಲದ ಮೇಲೆ ಮಲಗಿಸಿದ್ದು?" ಎಂದಳು. "ಎತ್ತಿ. ಹುಳಿಕೋಸಿನ ಪೀಪಾಯಿ ಮೇಲೆ ಇಡಿ, ಕೋಸು ಅದುಮೋ ಒತ್ತು ಕಲ್ಲು ಅಂದ್ಕೋತಾರೆ. ಕೆತ್ತಿದ ಮುಖ ಕೆಳಗೆ."

"ಅದರ ಮೇಲೆ ಆಗಲೇ ಒಂದು ಕಲ್ಲಿದೆಯಲ್ಲೇ, ನಿಮ್ಮಮ್ಮ ಕೊಟ್ಟಿದ್ದು?"

"ಅದರ ಮೇಲೇ ಇಡಿ. ಅದನ್ನ ಮಾತ್ರ ತಿರುಗಿಸಿ ನೋಡೋಕೆ ಹೋಗ್ಬೇಡಿ" ಎಂದು ಬೋದಿಲ್ ಅಡುಗೆಮನೆಗೆ ಹೋದಳು.

ಕಲ್ಲಿಗೇನೋ ಜಾಗ ಸಿಕ್ಕಿತು. ಪ್ರಮಾಣಕ್ಕೇನು ಮಾಡುವುದು? ಐದು ದಿನ ಯೋಚಿಸಿ ಎಸ್ಕಿಲ್ ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಉಪಾಯ ಮಾಡಿದ. ಮನೆಯಲ್ಲಿ ಗಾಳಿ ಖಾಲಿಯಾದ ಒಂದು ಹಳೆಯ ಹಗ್ಗವಿತ್ತು. ಅದಕ್ಕೆ ತಾನೇ ಮೂರು ಹುಸಿ ಗಂಟು ಹಾಕಿ, ಹೊಸ ಹಗ್ಗದ ಪಕ್ಕದ ಮೊಳೆಗೆ ನೇತುಹಾಕಿದ. ಮದುವೆಯ ದಿನ ಬೆಳಿಗ್ಗೆ ಪೀಪಾಯಿ ಇಳಿಸುವ ನೆಪದಲ್ಲಿ ಮೊದಲೇ ಸಭಾಂಗಣಕ್ಕೆ ಹೋಗಿ, ಸಂಘದ ಪೆಟ್ಟಿಗೆಯ ಹಗ್ಗ ತೆಗೆದು ತನ್ನದನ್ನಿಟ್ಟ. ಉಪಾಯದಲ್ಲಿ ದೋಷವಿರಲಿಲ್ಲ. ಆದರೆ ಮನೆಯಿಂದ ಹೊರಡುವಾಗ ಟೋಪಿಯ ನೆರಳಿನಲ್ಲಿ ಅವನು ಮೊಳೆಯಿಂದ ಎತ್ತಿಕೊಂಡದ್ದು ಹೊಸ ಹಗ್ಗವನ್ನು.

ಮದುವೆಗೆ ಪ್ರತಿ ಮನೆಯವರೂ ತಮ್ಮ ಹುಳಿಕೋಸಿನ ಪೀಪಾಯಿ ತರುವುದು ವಾಡಿಕೆ. ನಲವತ್ತು ಪೀಪಾಯಿಗಳು ಗೋಡೆಗುಂಟ ನಿಂತವು, ಹೆಚ್ಚುಕಡಿಮೆ ಎಲ್ಲದರ ಮೇಲೂ ಒತ್ತು ಕಲ್ಲು. ಹೊರಗೆ ಮೋಡ ಹದವಾಗಿ ಕವಿದಿತ್ತು. ಅಸ್ಮುಂದ್ ಬಾಗಿಲಲ್ಲೇ ಎಸ್ಕಿಲ್‌ನ ತೋಳು ಹಿಡಿದ.

"ಎಲ್ಲಿ ಅದು?"

ಬೋದಿಲ್ ನಡುವೆ ಬಂದಳು. "ಅದನ್ನ ಆಗಲೇ ದಾಟಿಸಿ ಆಯ್ತು ಬೀಗರೇ. ಎಲ್ಲಿಗೆ ಅಂತ ಕೇಳ್ಬೇಡಿ. ಕಸುಬಿನ ಗುಟ್ಟು."

ಕಸುಬಿನ ಗುಟ್ಟನ್ನು ಕೇಳುವುದು ನಮ್ಮಲ್ಲಿ ಅಸಭ್ಯತನ. ಅಸ್ಮುಂದ್ ಹಲ್ಲು ಕಚ್ಚಿಕೊಂಡು ನಕ್ಕ. ಪಾದ್ರಿ ಮುಂದೆ ಬಂದು ಪೆಟ್ಟಿಗೆ ತೆರೆದು ಹಗ್ಗ ಹೊರತೆಗೆದರು. ಅಸ್ಮುಂದ್ ಒಂದು ತುದಿ ಹಿಡಿದ, ಎಸ್ಕಿಲ್ ಇನ್ನೊಂದು ತುದಿ. ಇಬ್ಬರ ಮುಖದಲ್ಲೂ ಅಂಥ ನಿಶ್ಚಿಂತೆ. ಆ ಹಗ್ಗದಲ್ಲಿ ಏನೂ ಇಲ್ಲವೆಂದು ಇಬ್ಬರೂ ನಂಬಿದ್ದರು. ಎಸ್ಕಿಲ್‌ನ ಕಾರಣ ನಮಗೆ ಗೊತ್ತು. ಅಸ್ಮುಂದ್‌ನ ಕಾರಣ ಬೇರೆ. ಸಂಘದ ಹಗ್ಗದ ಗಾಳಿ ಮೂವತ್ತು ವರ್ಷದ ಹಿಂದೆಯೇ ಸತ್ತುಹೋಗಿತ್ತು, ಅದು ಅಧ್ಯಕ್ಷರಿಗೆ ಮಾತ್ರ ತಿಳಿದಿದ್ದ ವಿಷಯ.

ಆಗ ಹೊರಗೆ ನೆಲ ಅದುರಿತು. ಭಾರವಾದ ಹೆಜ್ಜೆಗಳು ಬಾಗಿಲ ಬಳಿ ಬಂದು ನಿಂತವು.

"ಕ್ಷಮಿಸಿ" ಎಂದಿತು ಆ ಗಡಸು ದನಿ. "ಸುಂಕ ಕಟ್ಟಿದ ಸ್ವಾಮಿಗಳು ಒಳಗಿದ್ದಾರಾ? ಚಿಲ್ಲರೆ ತಂದಿದ್ದೀನಿ."

ಎಸ್ಕಿಲ್ ಸತ್ತೇ ಹೋದೆನೆಂದುಕೊಂಡ. ಆದರೆ ತಲೆಯೆತ್ತಿ ನೋಡಿದರೆ ಇಡೀ ಸಭೆಯ ಮುಖ ಸುಣ್ಣದಂತಾಗಿತ್ತು. ಯಾರೂ ಬಾಗಿಲ ಕಡೆ ನೋಡುತ್ತಿಲ್ಲ. ರಾಗ್ನಕ್ಕ ಮಾಡಿನ ತೊಲೆ ಎಣಿಸುತ್ತಿದ್ದಳು.

"ಯಾರೂ ಇಲ್ಲ ಅಂತ ಹೇಳಿ ಕಳಿಸ್ರೋ" ಎಂದ ಅಸ್ಮುಂದ್. ಅವನ ಮೆಲುದನಿ ಎಲ್ಲೋ ಕಳೆದುಹೋಗಿತ್ತು. ಬೇಗ ಮುಗಿಸುವ ಆತುರದಲ್ಲಿ ಹಗ್ಗವನ್ನು ಜಗ್ಗಿ ಹಿಡಿದು ಒಂದೇ ಉಸಿರಿಗೆ ಹೇಳಿದ: "ನಮ್ಮ ಏಳು ತಲೆಮಾರಿನಲ್ಲಿ ಸುಂಕ ಕಟ್ಟಿದವರಿಲ್ಲ."

ಮೂರನೇ ಗಂಟು ತಾನಾಗಿ ಬಿಚ್ಚಿಕೊಂಡಿತು.

ಮುಂದಿನದು ಕಪ್ತಾನರು ದೇವರನ್ನು ನೆನೆಯುವ ಗಾಳಿ. ಮೊದಲು ಮೇಜುಬಟ್ಟೆಗಳು ಹಾರಿದವು, ಆಮೇಲೆ ಮೇಜುಗಳು. ಮದುಮಗ ಪಾದ್ರಿಯನ್ನು ತಬ್ಬಿಕೊಂಡ. ಎಸ್ಕಿಲ್‌ನ ಟೋಪಿ ಬಾಗಿಲಿನಿಂದ ಹೊರಗೆ ಹೋಯಿತು. ನಲವತ್ತು ಪೀಪಾಯಿಗಳೂ ಒಂದರ ಮೇಲೊಂದು ಉರುಳಿ, ನೆಲದ ತುಂಬ ಹುಳಿಕೋಸು, ಹುಳಿಕೋಸಿನ ತುಂಬ ಕಲ್ಲು. ಕೊನೆಗೆ ಗಾಳಿ ಮಾಡನ್ನು ಕಿತ್ತುಕೊಂಡು ಮೇಲೆ ಹೋಗಿ, ಆಕಾಶದ ಮೋಡವನ್ನೆಲ್ಲ ಗುಡಿಸಿ ಸಮುದ್ರದಾಚೆಗೆ ತಳ್ಳಿತು. ಸಭಾಂಗಣಕ್ಕೆ ಸುಡುಬಿಸಿಲು ಬಿತ್ತು. ಬಾಗಿಲಲ್ಲಿ ಗ್ರೂಮ್ ಕೈ ಮುಂದೆ ಚಾಚಿಕೊಂಡೇ ಕಲ್ಲಾಗಿ ನಿಂತಿದ್ದ. ಅಂಗೈಯಲ್ಲಿ ಎರಡು ಸ್ಕಿಲಿಂಗ್.

"ಎಸ್ಕಿಲ್ ಕಟ್ಟಿರ್ಬೇಕು ಸುಂಕ" ಎಂದು ಹಿಂದಿನಿಂದ ಯಾರೋ ಅಂದರು.

"ಅವನಿನ್ನೂ ಬಾಯೇ ಬಿಟ್ಟಿಲ್ಲ" ಎಂದಳು ರಾಗ್ನಕ್ಕ, ಕೂದಲಿನಿಂದ ಕೋಸು ತೆಗೆಯುತ್ತ. "ಪ್ರಮಾಣ ಮಾಡಿದ್ದು ಅಧ್ಯಕ್ಷರು."

ಎಲ್ಲರೂ ಅಸ್ಮುಂದ್‌ನನ್ನು ನೋಡಿದರು. ಅಸ್ಮುಂದ್ ನೆಲ ನೋಡಿದ. ಅವನು ನೋಡಿದನೆಂದು ಉಳಿದವರೂ ನೆಲ ನೋಡಿದರು. ಅಲ್ಲಿ ಒತ್ತು ಕಲ್ಲುಗಳು ಮುಖ ಮೇಲಾಗಿ ಬಿದ್ದಿದ್ದವು. ಒಂದೊಂದರ ಮೇಲೂ ಕಿರೀಟ, ಸೇತುವೆ, ಗೆರೆಗಳು. ಅಸ್ಮುಂದ್‌ನ ಮನೆಯವು ಎರಡು. ಬೋದಿಲ್‌ಳ ತಾಯಿ ಕೊಟ್ಟದ್ದರ ಮೇಲೆ ಗೆರೆಗಳು ಆರು.

"ಅದು ನಮ್ಮತ್ತೆ ಕಾಲದ್ದು" ಎಂದು ರಾಗ್ನಕ್ಕ ತನ್ನ ಕಲ್ಲನ್ನು ಕಾಲಿನಿಂದ ಮಗುಚಿದಳು. ಅದರ ಮೇಲಿನ ಕೆತ್ತನೆಯ ಪುಡಿ ಇನ್ನೂ ಉದುರುತ್ತಿತ್ತು.

ಕಲ್ಲಿಲ್ಲದೆ ಬರೀ ಮರದ ಹಲಗೆ ಇದ್ದ ಪೀಪಾಯಿ ಒಂದೇ ಒಂದು. ಅದು ಪಾದ್ರಿಯವರದು, ಊರಿಗೆಲ್ಲ ರಸೀದಿಯಿಲ್ಲದ ಮನೆ ಅದೊಂದೇ. ಅವರು ಕೆಮ್ಮಿ, ಪ್ರಾರ್ಥನೆಯ ಪುಸ್ತಕ ಹುಡುಕುವವರಂತೆ ಬಗ್ಗಿದರು.

ತೂರಾ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಎಸ್ಕಿಲ್ ಬರಿದಾದ ತಲೆ ಮುಟ್ಟಿ ನೋಡಿಕೊಂಡ. ಎಲ್ಲ ತನ್ನಿಂದ, ಆ ಹಾಳು ಟೋಪಿಯಿಂದ. ಬೋದಿಲ್ ನೆಲದಿಂದ ಹಗ್ಗವನ್ನೆತ್ತಿ ಕೊಡವಿದಳು.

"ಇನ್ನೂ ಎರಡು ಗಂಟಿದೆ" ಎಂದಳು. "ಪ್ರಮಾಣದ ಮಾತು ಹಳೇದಾಯ್ತು ಬೀಗರೇ, ಸ್ವಲ್ಪ ರಿಪೇರಿ ಮಾಡಿ. ನಮ್ಮವರು ಸುಂಕ ಕಟ್ಟಿದ್ದಾರೆ ಅಂತ ಹೇಳೋರು ಈ ಸಭೇಲಿ ಯಾರೂ ಇಲ್ಲ. ಹಾಗನ್ನಿ."

ಬೀಗರಿಬ್ಬರೂ ಹಗ್ಗ ಹಿಡಿದರು. ಇಬ್ಬರೂ ಒಟ್ಟಿಗೆ ಹೇಳಿದರು. ಸಭೆ ಉಸಿರು ಬಿಗಿಹಿಡಿದು ಎರಡನೇ ಗಂಟನ್ನೇ ನೋಡಿತು. ಗಂಟು ಅಲುಗಲಿಲ್ಲ.

ಜನ ಇನ್ನೂ ಉಸಿರು ಬಿಟ್ಟಿರಲಿಲ್ಲ, ಅಷ್ಟರಲ್ಲಿ ಬಾಗಿಲಿನಿಂದ ಮಾತು ಕೇಳಿಸಿತು. "ಅಧ್ಯಕ್ಷರೇ, ನೀವೂ ಇಲ್ಲೇ ಇದ್ದೀರಾ?"

ಹಾರಿಹೋದ ಟೋಪಿ ಗ್ರೂಮ್‌ನ ತಲೆಯ ಮೇಲೆ ಹೋಗಿ ಕುಳಿತಿತ್ತು. ಮೈಯೆಲ್ಲ ಬಿಸಿಲಿಗೆ ಕಲ್ಲೇ. ಮೂಗಿನಿಂದ ಗದ್ದದವರೆಗೆ ಮಾತ್ರ ಅಂಚಿನ ನೆರಳು ಬಿದ್ದು, ಅಷ್ಟು ಭಾಗಕ್ಕೆ ಜೀವ ಬಂದಿತ್ತು.

"ಹೋದ ವರ್ಷ ಹನ್ನೆರಡು ಹಗ್ಗಕ್ಕೆ ನೀವು ಸುಂ..."

ಹಗ್ಗದ ಮೇಲೆ ಎರಡನೇ ಗಂಟು ಮೆಲ್ಲನೆ ಮಿಸುಕಿತು.

"ಅಪ್ಪಾ, ಟೋಪಿ" ಎಂದು ತೂರಾ ಕಿರುಚಿದಳು.

ಎಸ್ಕಿಲ್ ಓಡಿದ. ಇಪ್ಪತ್ತೈದು ವರ್ಷದ ಕಸುಬಿನಲ್ಲಿ ಅವನು ಹಾಗೆ ಓಡಿರಲಿಲ್ಲ. ಹುಳಿಕೋಸಿನ ಮೇಲೆ ಜಾರಿ, ಮೂರು ಕಲ್ಲು ಹಾರಿ, ಗ್ರೂಮ್‌ನ ಚಾಚಿದ ಕೈಯ ಮೇಲೆ ಕಾಲಿಟ್ಟು ಹತ್ತಿ ಟೋಪಿಯನ್ನು ಕಿತ್ತುಕೊಂಡ. ರಕ್ಕಸನ ಬಾಯಿ ತೆರೆದಂತೆಯೇ ಕಲ್ಲಾಯಿತು. ಗಂಟು ಇದ್ದಲ್ಲೇ ಉಳಿಯಿತು. ಎಸ್ಕಿಲ್ ಕೆಳಗಿಳಿಯುವಾಗ ಆ ಎರಡು ಸ್ಕಿಲಿಂಗನ್ನೂ ಅಂಗೈಯಿಂದ ಎತ್ತಿಕೊಂಡು ಜೇಬಿಗೆ ಹಾಕಿದ. ಇಡೀ ಸಭೆ ಅದನ್ನು ನೋಡಿತು, ಯಾರೂ ಏನೂ ನೋಡಲಿಲ್ಲ.

"ಮೋಡ ಬರೋದ್ರೊಳಗೆ ಊಟಕ್ಕೆ ಹಾಕ್ರಮ್ಮ" ಎಂದಳು ಬೋದಿಲ್.

ಹೆಂಗಸರು ಕಲ್ಲುಗಳನ್ನು ಮುಖ ಕೆಳಗೆ ಮಾಡಿ ಪೀಪಾಯಿಗಳ ಮೇಲಿಟ್ಟರು. ಪಾದ್ರಿ ಯಾರ ಕಣ್ಣನ್ನೂ ನೋಡದೆ ಗಡಿಬಿಡಿಯಲ್ಲಿ ಮದುವೆ ಮುಗಿಸಿದರು. ಆಮೇಲೆ ಅಸ್ಮುಂದ್ ಎಸ್ಕಿಲ್‌ನ ಪಕ್ಕದಲ್ಲೇ ಬಂದು ಕುಳಿತ. ಬೆವರು ಒರೆಸಿಕೊಂಡು, ತನ್ನ ಬಿಯರಿನಲ್ಲಿ ಅರ್ಧವನ್ನು ಅವನ ಲೋಟಕ್ಕೆ ಬಗ್ಗಿಸಿದ.

"ಬೀಗರೇ" ಎಂದ ಅತಿ ಮೆಲ್ಲಗೆ, ಕಣ್ಣು ಮಾತ್ರ ಬಾಗಿಲ ಕಡೆ. "ಟೋಪಿ ಬಹಳ ಚೆನ್ನಾಗಿದೆ. ಒಲೆಗೆ ಹಾಕಿ."